ಏರ್ ಗನ್ ನಳಿಗೆಗೆ ರಸ್ಟ್ ಬ್ಲೂಯಿಂಗ್: ನಾಲ್ಕನೇ ಸುತ್ತಿನವರೆಗೆ

ತೀರ್ಥಹಳ್ಳಿ ಕಡೆಯ ಹಳೇ .177 (ನಳಿಗೆಯ ರಂಧ್ರದ ಅಳತೆ, ಇಂಚಿನಲ್ಲಿ) ಏರ್ ರೈಫಲ್. ಕೈ ಹಿಡಿಯುವ ಜಾಗದಲ್ಲಿ ನಳಿಗೆಯ ಕಪ್ಪು ಪೂರ್ತಿ ಹೋಗಿದೆ, ತುದಿಯಲ್ಲಿ ತುಕ್ಕಿನ ಚುಕ್ಕೆಗಳಿವೆ. ಬಾಟಲಿಯ ಕೋಲ್ಡ್ ಬ್ಲೂ (ಬಿಸಿ ಮಾಡದೆ ಹಚ್ಚಿ ಕಪ್ಪಾಗಿಸುವ ದ್ರಾವಣ) ಬೇಗ ಆಗುತ್ತದೆ, ಆದರೆ ನಮ್ಮ ಆಷಾಢದ ತೇವಕ್ಕೆ, ಕೈಬೆವರಿಗೆ ನಿಲ್ಲುವುದಿಲ್ಲ. ಹಾಗಾಗಿ ರಸ್ಟ್ ಬ್ಲೂಯಿಂಗ್: ಬೇಕೆಂದೇ ತೆಳುವಾಗಿ ಕೆಂಪು ತುಕ್ಕು ಹಿಡಿಸಿ, ಕುದಿಯುವ ನೀರಲ್ಲಿ ಅದನ್ನೇ ಕಪ್ಪು ಆಕ್ಸೈಡ್ ಮಾಡುವುದು. ಬಯಲುಸೀಮೆಯಲ್ಲಿ ಇದಕ್ಕೆ ತೇವದ ಪೆಟ್ಟಿಗೆ ಕಟ್ಟಬೇಕು. ಮಳೆಗಾಲದ ಮಲೆನಾಡಿನಲ್ಲಿ ಅಟ್ಟವೇ ಸಾಕು.

ಪರವಾನಗಿ ಬೇಕಾಗುವ ಕೋವಿಯಾದರೆ ಇದನ್ನು ಮನೆಯಲ್ಲಿ ಮಾಡಬೇಡಿ, ರಿಪೇರಿ ಲೈಸೆನ್ಸ್ ಇರುವವರಿಗೇ ಕೊಡಿ. ಯಾವುದರದ್ದೇ ಆಗಲಿ, ನಂಬರ್ ಕೊರೆದ ಜಾಗಕ್ಕೆ ಉಪ್ಪುಕಾಗದ ತಾಗಿಸಬಾರದು.

ತಯಾರಿ: ಮೊದಲು ಗನ್ ಬಿಚ್ಚಬೇಕು. ಒಳಗೆ ಒತ್ತಿಕೊಂಡಿರುವ ಸ್ಪ್ರಿಂಗನ್ನು ಕ್ಲಾಂಪ್ ಇಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ. ವಾಷರ್, ಸೀಲ್ ಎಲ್ಲ ಹೊರಗೆ. ಹಳೇ ಕಪ್ಪು ತೆಗೆಯಲು 5% ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ 15–20 ನಿಮಿಷ. ಆಮೇಲೆ ಮರದ ತುಂಡಿಗೆ ಸುತ್ತಿದ 220, 320, 400 ನಂಬರಿನ ಉಪ್ಪುಕಾಗದ (ನಂಬರ್ ಹೆಚ್ಚಿದಷ್ಟು ನುಣುಪು). ಬರಿ ಬೆರಳಲ್ಲಿ ಉಜ್ಜಿದರೆ ಅಂಚು ದುಂಡಗಾಗುತ್ತದೆ. 400ಕ್ಕೇ ನಿಲ್ಲಿಸಿ, ಕನ್ನಡಿಯಂಥ ನುಣುಪಿಗೆ ತುಕ್ಕು ಸಮವಾಗಿ ಕಚ್ಚುವುದಿಲ್ಲ. ನಳಿಗೆಯ ಒಳಗೆ ಎಣ್ಣೆ ಸವರಿ ಎರಡೂ ಕಡೆ ಮರದ ಬೆಣೆ. ಹೊರಮೈ ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಬೆರಳಚ್ಚು ಹಾಗೇ ಮೂಡುತ್ತದೆ.

ಸುತ್ತುಗಳು: ದ್ರಾವಣ ಹಚ್ಚಿ, ತುಕ್ಕು ಹಿಡಿಸಿ, ಕುದಿಸಿ, ಉಜ್ಜುವುದು ಒಂದು ಸುತ್ತು. ರೆಡಿ ರಸ್ಟ್ ಬ್ಲೂ ದ್ರಾವಣವನ್ನೇ ಬಳಸುತ್ತಿದ್ದೇವೆ. ಉಪ್ಪು, ವಿನೆಗರ್, ಪೆರಾಕ್ಸೈಡ್ ಬೆರಕೆ ಅಗ್ಗ, ಆದರೆ ಅದರ ಕ್ಲೋರೈಡ್ ಗುಳಿ ತೋಡುತ್ತದೆ. ಹತ್ತಿ ಹಿಂಡಿ, ಬಹುತೇಕ ಒಣಗಿದಂತಿರುವಾಗ ಒಂದೇ ಎಳೆತ. ಹಚ್ಚಿದಲ್ಲೇ ಮತ್ತೆ ಹಚ್ಚಿದರೆ ಪಟ್ಟೆ ಬೀಳುತ್ತದೆ. ತುಕ್ಕು ಹಿಡಿಯಲು ಪುಸ್ತಕದ ಲೆಕ್ಕ 3–4 ಗಂಟೆ. ಇಲ್ಲಿ ಗಂಟೆಗೊಮ್ಮೆ ನೋಡಲೇಬೇಕು, ರಾತ್ರಿಯಿಡೀ ಬಿಟ್ಟರೆ ಗುಳಿ ಖಚಿತ. ಬೂದಿ ಎರಚಿದಂತೆ ನವಿರಾದ ಕೆಂಪು ಕಂಡ ಕೂಡಲೇ 15–20 ನಿಮಿಷ ಕುದಿಸಿ.

ನೀರಿನ ವಿಷಯದಲ್ಲಿ ಹಟ ಹಿಡಿಯಬೇಕು. ಬೋರ್‌ವೆಲ್ ನೀರಿನ ಲವಣ ಬಿಳಿ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಇಲ್ಲವೇ ಮಾಡು ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ಮಳೆನೀರು. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಸಿಂಪಡಣೆ ದ್ರಾವಣ) ಕಲಸುವ ಡ್ರಮ್ಮಲ್ಲಿ ಮಾತ್ರ ಹಿಡಿಯಬೇಡಿ. ಮೈಲುತುತ್ತದ ಅಂಶ ಉಳಿದಿದ್ದರೆ ಉಕ್ಕಿನ ಮೇಲೆ ತಾಮ್ರ ಕೂತು ಕೆಂಚಗಾಗುತ್ತದೆ. ಅಡಿಕೆ ಬೇಯಿಸುವ ಹಂಡೆಯೂ ಬೇಡ. ಸ್ಟೀಲ್ ತೊಟ್ಟಿ ಒಳ್ಳೆಯದು.

ಕುದಿಸಿ ತೆಗೆದಾಗ ಮೇಲೆ ಕಪ್ಪು ಮಖಮಲ್ಲು. ಅದನ್ನು 0000 ನಂಬರಿನ (ತೀರಾ ನವಿರಾದ) ಸ್ಟೀಲ್ ವೂಲ್‌ನಲ್ಲಿ ಹಗುರವಾಗಿ ಉಜ್ಜಬೇಕು. ಆ ವೂಲ್‌ಗೆ ಕಂಪನಿಯಲ್ಲೇ ಎಣ್ಣೆ ಸವರಿರುತ್ತಾರೆ. ಅಸಿಟೋನ್‌ನಲ್ಲಿ ತೊಳೆಯದೆ ಬಳಸಿದರೆ ಮುಂದಿನ ಸುತ್ತಿನ ತುಕ್ಕು ಕಚ್ಚದು.

ಸದ್ಯದ ಸ್ಥಿತಿ: ನಾಲ್ಕು ಸುತ್ತಿಗೆ ಬೂದುಬಣ್ಣ ಕಳೆದು ನೀಲಿಗಪ್ಪು ಬಂದಿದೆ. ತುದಿಯ ಗುಳಿಗಳ ಸುತ್ತ ಇನ್ನೂ ತೆಳು. ಸಾಮಾನ್ಯವಾಗಿ 6–8 ಸುತ್ತು ಬೇಕು. ಬಣ್ಣ ಗಾಢವಾಗುವುದು ನಿಂತಾಗ ನಿಲ್ಲಿಸುತ್ತೇವೆ. ಕೊನೆಗೆ ಅಡುಗೆ ಸೋಡಾ ಹಾಕಿ ಒಂದು ಕುದಿ, ಬಿಸಿಯಿರುವಾಗಲೇ ಮಷಿನ್ ಎಣ್ಣೆ, ಒಂದು ದಿನ ಮುಟ್ಟದೆ ಇಟ್ಟು ಮತ್ತೊಮ್ಮೆ ಎಣ್ಣೆ. ಟ್ರಿಗರ್ ಗಾರ್ಡ್ ಆಮೇಲೆ.