ಕ್ಯಾನ್ಸಸ್ ಮತದಾರರ ಬಗ್ಗೆ

ಅಮೆರಿಕದ ಚುನಾವಣೆ ಅಂದ್ರೆ ನಾವೆಲ್ಲ ಅಧ್ಯಕ್ಷರ ಬಗ್ಗೆಯೇ ಮಾತಾಡ್ತೀವಿ. ನನಗೆ ಮಾತ್ರ ಕ್ಯಾನ್ಸಸ್ ರಾಜ್ಯದ ಗವರ್ನರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದಂತೆ) ಚುನಾವಣೆ ತಲೆಯಿಂದ ಹೋಗ್ತಾನೇ ಇಲ್ಲ. ಗೋಧಿ ಹೊಲ, ದನದ ಸಾಕಣೆ, ಚರ್ಚು. 1964ರ ನಂತರ ಅಧ್ಯಕ್ಷ ಚುನಾವಣೆಯಲ್ಲಿ ಒಮ್ಮೆಯೂ ಡೆಮಾಕ್ರಟರಿಗೆ ಒಲಿಯದ ನೆಲ ಅದು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಲಾರಾ ಕೆಲ್ಲಿ 2018ರಲ್ಲಿ ಗೆದ್ದರು, 2022ರಲ್ಲಿ ಕೂದಲೆಳೆಯ ಅಂತರದಲ್ಲಿ ಮತ್ತೆ ಗೆದ್ದರು.

ಇದರ ಬೇರು ಶಾಲೆಗಳಲ್ಲಿದೆ ಅನ್ನೋದು ನನ್ನ ನಂಬಿಕೆ. 2012ರಲ್ಲಿ ರಿಪಬ್ಲಿಕನ್ ಪಕ್ಷದ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯನ್ನು ಭಾರಿ ಇಳಿಸಿದರು. ಬೊಕ್ಕಸ ಸೊರಗಿತು. 2015ರಲ್ಲಿ ಕಾನ್ಕಾರ್ಡಿಯಾದಂಥ ಸಣ್ಣ ಊರಿನ ಶಾಲೆಗಳು ದುಡ್ಡು ಸಾಲದೆ ನಿಗದಿಗಿಂತ ಮೊದಲೇ ಬೇಸಿಗೆ ರಜೆ ಕೊಟ್ಟವು. ಪಾಠ ಅರ್ಧಕ್ಕೆ ನಿಂತಿತು ಅಂದ್ರೆ ಯಾವ ತಾಯಿತಂದೆ ಸುಮ್ಮನಿರ್ತಾರೆ? 2017ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆಯೇ ಬ್ರೌನ್‌ಬ್ಯಾಕ್ ಹಾಕಿದ ವೀಟೋ (ತಡೆ) ಮೀರಿ ಆ ಕಡಿತದ ಬಹುಪಾಲನ್ನು ವಾಪಸ್ ತೆಗೆಯಿತು. ಮರುವರ್ಷ ಕೆಲ್ಲಿ ಶಾಲೆಗಳ ಹೆಸರಲ್ಲೇ ಮತ ಕೇಳಿದರು.

2022ರ ಜಾಹೀರಾತೊಂದರಲ್ಲಿ ಅವರು ಖಾಲಿ ರಸ್ತೆಯ ನಟ್ಟನಡುವೆ ನಿಂತು, ತಾವು ನಡುದಾರಿಯವರು ಅಂತ ಹೇಳಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು ಟ್ರಂಪ್‌ರನ್ನು ಸುಮಾರು ಶೇ. 15ರ ಅಂತರದಿಂದ ಗೆಲ್ಲಿಸಿದ್ದ ರಾಜ್ಯ ಇದೇ. ಪಕ್ಷ ಬದಲಿಸದೆಯೂ ಆಡಳಿತ ನೋಡಿ ಮತ ಹಾಕಿದ ಆ ಜನರ ಮೇಲೆ ನನಗೆ ತುಂಬಾ ಗೌರವ.