ಎರಡನೇ ಲೇನಿನ 7.04 ಮೀಟರ್

ಸಂಚಿಕೆಯ ಸಂಪಾದಕರು ಫೋನ್ ಮಾಡಿದ್ದರು. "ಸರ್, ನಮ್ಮ ಕಾಲೇಜಿನ ಅಥ್ಲೆಟಿಕ್ಸ್ ಇತಿಹಾಸದ ಬಗ್ಗೆ ಎರಡು ಪುಟ ಬರೆದುಕೊಡಿ. ಟ್ರೋಫಿಗಳ ಪಟ್ಟಿ ಆಫೀಸಿನಲ್ಲಿ ಸಿಗುತ್ತದೆ" ಅಂದರು. ಪಟ್ಟಿ ಬೇಡ ಅಂದೆ. ನಮ್ಮಲ್ಲಿ ಅಂಥ ಇತಿಹಾಸ ಏನಾದರೂ ಇದ್ದರೆ ಅದು ಪಿ.ಡಿ. ಸರ್, ಅಂದರೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು. ಅವರು ಈ ಸಲದ ಆಟಿ ತಿಂಗಳಲ್ಲಿ, ಹೊಡೆದು ಸುರಿಯುವ ಮಳೆಯಲ್ಲಿ, ತೀರಿಕೊಂಡರು.

ನಾನು ಇಲ್ಲಿ ಬಿ.ಕಾಂ. ಓದಿದ್ದು 1982ರಿಂದ 85ರವರೆಗೆ. ಏನು ಓದಿದೆ ಅಂತ ಮಾತ್ರ ಕೇಳಬೇಡಿ. ಬ್ಯಾಂಕಿನಲ್ಲಿ 34 ವರ್ಷ ದುಡಿದ ಮನುಷ್ಯ ಹೀಗೆ ಹೇಳಬಾರದು, ಆದರೂ ಪಾಠ ಒಂದೂ ನೆನಪಿಲ್ಲ. 7.04, 14.70, 22.37. ಈ ಮೂರು ಅಂಕಿಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಮ್ಮ ಮೈದಾನದಲ್ಲಿ 400 ಮೀಟರಿನ ಟ್ರ್ಯಾಕ್ ಹಿಡಿಸುತ್ತಿರಲಿಲ್ಲ. ಒಂದು ಕಡೆ ಗೇರುಗುಡ್ಡೆ, ಇನ್ನೊಂದು ಕಡೆ ತೋಡು. ಹಾಗಾಗಿ 200 ಮೀಟರಿನದ್ದು. ಪ್ರತಿ ಡಿಸೆಂಬರಿನಲ್ಲಿ ಸರ್ ಅದನ್ನು ಹೊಸದಾಗಿ ಎಳೆಯುತ್ತಿದ್ದರು. ನಡುವೆ ಒಂದು ಗೂಟ, ಗೂಟಕ್ಕೆ ತಂತಿ, ತಂತಿಯ ತುದಿಯಲ್ಲಿ ನಾನು. ಹಗ್ಗ ಯಾಕೆ ಬೇಡ ಅಂತ ಕೇಳಿದ್ದೆ. "ಇಬ್ಬನಿಗೆ ಒದ್ದೆಯಾದ ಹಗ್ಗವನ್ನು ಎಳೆದರೆ ಹಿಗ್ಗುತ್ತದೆ ಮಾರಾಯ. ತಂತಿ ಸುಳ್ಳು ಹೇಳುವುದಿಲ್ಲ" ಅಂದಿದ್ದರು. ಒಳಗಿನ ಅಂಚಿಗೆ ಕೆಂಪುಕಲ್ಲಿನ ಚೂರುಗಳ ಸಾಲು. ಉಳಿದ ಗೆರೆಗಳೆಲ್ಲ ಸುಣ್ಣದ್ದು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ಕೈಯೆಲ್ಲ ಉರಿ.

ಹೊರಗಿನ ಲೇನಿನವನು ಜಾಸ್ತಿ ಸುತ್ತಬೇಕಲ್ಲ, ಅದಕ್ಕೆ ಅವನನ್ನು ಮುಂದೆ ನಿಲ್ಲಿಸುತ್ತಾರೆ. ಇದಕ್ಕೆ ಸ್ಟ್ಯಾಗರ್ ಅಂತಾರೆ. ಲೇನಿನ ಅಗಲ 1.22 ಮೀಟರ್. ಕಲ್ಲಿನ ಅಂಚಿರುವ ಒಂದನೇ ಲೇನನ್ನು ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಉಳಿದವನ್ನು ಗೆರೆಯಿಂದ 20 ಬಿಟ್ಟು. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಎರಡನೇ ಲೇನಿನವನು 7.04 ಮೀಟರ್ ಮುಂದೆ. ಆಮೇಲಿನ ಪ್ರತಿ ಲೇನಿಗೂ ಇನ್ನೊಂದು 7.67ರಷ್ಟು. ಸರ್‌ಗೆ ಇದರಲ್ಲಿ ಬಹಳ ಇಷ್ಟವಾಗಿದ್ದ ಸಂಗತಿ ಒಂದಿತ್ತು. ಟ್ರ್ಯಾಕ್ ಚಿಕ್ಕದಿರಲಿ, ದೊಡ್ಡದಿರಲಿ, ಈ ಅಂಕಿ ಬದಲಾಗುವುದಿಲ್ಲ. "ಒಲಿಂಪಿಕ್ಸಿನಲ್ಲೂ 7.04, ನಮ್ಮ ಈ ಗೇರುಗುಡ್ಡೆಯಲ್ಲೂ 7.04. ಗೊತ್ತುಂಟಾ?" ಅನ್ನುವಾಗ ಅವರ ಮುಖ ನೋಡಬೇಕಿತ್ತು.

ಅವರು ಕೆಲಸಕ್ಕೆ ಸೇರಿದಾಗ ನಾವು ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿದ್ದೆವು. ಕೂಟ ಅಂದರೆ ಮೈಸೂರು. ಹುಡುಗರನ್ನು ಬಸ್ಸಿಗೆ ಹತ್ತಿಸಿ ಸಂಪಾಜೆ ಘಾಟಿಯಲ್ಲಿ ಕರೆದೊಯ್ಯಬೇಕು. ಅರ್ಧ ಟೀಮು ದಾರಿಯಲ್ಲೇ ವಾಂತಿ ಮಾಡಿ, ಮರುದಿನ ಬೆಳಿಗ್ಗೆ ಓಡಿ, ಸೋತು, ಅದೇ ಘಾಟಿಯಲ್ಲಿ ಮತ್ತೆ ವಾಂತಿ ಮಾಡುತ್ತಾ ಬರುತ್ತಿತ್ತಂತೆ. 1980ರ ಸೆಪ್ಟೆಂಬರಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆಯಿತು. ಕೊಣಾಜೆಯಲ್ಲಿ ಅದುವರೆಗೆ ಇದ್ದದ್ದು ಮೈಸೂರಿನ ಸ್ನಾತಕೋತ್ತರ ಕೇಂದ್ರ. ಮೊದಲ ಕುಲಪತಿ ಬಿ. ಶೇಖ್ ಅಲಿ, ಇತಿಹಾಸದ ವಿದ್ವಾಂಸರು. ಆಗ ಉಡುಪಿ ಜಿಲ್ಲೆ ಬೇರೆ ಆಗಿರಲಿಲ್ಲ. ದಕ್ಷಿಣ ಕನ್ನಡ, ಕೊಡಗು, ಇಷ್ಟೇ ನಮ್ಮ ಸಾಮ್ರಾಜ್ಯ. ಉಳಿದವರಿಗೆ ಹೊಸ ಯೂನಿವರ್ಸಿಟಿ ಅಂದರೆ ಹೊಸ ಮಾರ್ಕ್ಸ್ ಕಾರ್ಡು. ಸರ್‌ಗೆ ಮಾತ್ರ ಇನ್ನು ಘಾಟಿ ಹತ್ತುವುದು ತಪ್ಪಿತು ಅನ್ನುವ ಖುಷಿ. ಕೊಡಗಿನ ಹುಡುಗರೇ ಘಾಟಿ ಇಳಿದು ಬರಲಿ ಅನ್ನುತ್ತಿದ್ದರು. ಬಂದರು, ನಮ್ಮನ್ನು ಚೆನ್ನಾಗಿ ಸೋಲಿಸಿದರು ಕೂಡ.

ಇನ್ನು ನನ್ನ ಕಿತಾಪತಿ. 1983ರ ಡಿಸೆಂಬರ್, ವಾರ್ಷಿಕ ಕ್ರೀಡಾಕೂಟದ ಹಿಂದಿನ ರಾತ್ರಿ. 200 ಮೀಟರಿನ ಚೀಟಿ ಎತ್ತಿ ಆಗಿತ್ತು, ನನಗೆ ಮೂರನೇ ಲೇನ್. ಹಾಸ್ಟೆಲಿನ ಇಬ್ಬರನ್ನು ಕರೆದುಕೊಂಡು ಟಾರ್ಚ್ ಹಿಡಿದು ಮೈದಾನಕ್ಕೆ ಹೋದೆ. ನನ್ನ ಲೇನಿನ ಗೆರೆಯನ್ನು ಹಿಡಿಸೂಡಿಯಿಂದ ಗುಡಿಸಿ, ಎರಡು ಮೀಟರ್ ಮುಂದೆ ಹೊಸ ಗೆರೆ ಎಳೆದೆ. ಸುಣ್ಣದ ಬಕೆಟ್ ಎಲ್ಲಿರುತ್ತದೆ ಅಂತ ನನಗೆ ಗೊತ್ತಿತ್ತಲ್ಲ.

ಬೆಳಿಗ್ಗೆ ಸರ್ ಟ್ರ್ಯಾಕ್ ಸುತ್ತ ನಡೆದರು. ಮೂರನೇ ಲೇನಿನ ಹತ್ತಿರ ನಿಂತರು. ಟೇಪ್ ತರಿಸಿ ಅಳೆದರು. ಆಮೇಲೆ ನನ್ನನ್ನು ಕರೆದರು.

"ಮೂರನೇ ಲೇನ್ ಎಷ್ಟು?"

"14.70 ಸರ್."

"ಇಲ್ಲಿ 16.70 ಉಂಟು. ಎಂತ ಮಾರಾಯ ಇದು?"

ಯಾರೋ ಕಿಡಿಗೇಡಿಗಳು ಮಾಡಿರಬೇಕು ಅಂದೆ. ಅವರು ಟೇಪನ್ನು ನಿಧಾನಕ್ಕೆ ಸುತ್ತುತ್ತಾ, "ಕಿಡಿಗೇಡಿ ಆಗಿದ್ದರೆ ಎಲ್ಲೋ ಒಂದು ಕಡೆ ಗೀಚಿ ಹೋಗುತ್ತಿದ್ದ. ಇವನು ಅಳತೆ ಹಾಕಿ ಸರಿಯಾಗಿ ಎರಡು ಮೀಟರ್ ಕದ್ದಿದ್ದಾನೆ. ಇಷ್ಟು ಚೆನ್ನಾಗಿ ಗೆರೆ ಎಳೆಯಲು ಬರುವವರು ಈ ಕಾಲೇಜಿನಲ್ಲಿ ಇಬ್ಬರೇ" ಅಂದರು. ಅಷ್ಟೇ. ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ, ಬೈಯಲೂ ಇಲ್ಲ. ನನ್ನ ಕೈಯಲ್ಲೇ ಗೆರೆ ಅಳಿಸಿ ಸರಿಯಾದ ಜಾಗದಲ್ಲಿ ಹಾಕಿಸಿದರು. ಅಲ್ಲಿಂದಲೇ ಓಡಿದೆ. ಎರಡನೇ ಸ್ಥಾನ ಬಂತು. ಕಾಲೇಜು ಬಿಡುವವರೆಗೂ ಟ್ರ್ಯಾಕ್ ಹಾಕುವ ಕೆಲಸ ಪೂರ್ತಿ ನನ್ನದೇ ಆಯಿತು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬ್ಯಾಂಕಿನಲ್ಲಿ ಬ್ರಾಂಚ್ ಇನ್‌ಸ್ಪೆಕ್ಷನ್ನಿಗೆ ಹೋದಾಗ ತೀರಾ ಅಚ್ಚುಕಟ್ಟಾಗಿದ್ದ ಲೆಕ್ಕವನ್ನೇ ನಾನು ಮೊದಲು ತೆಗೆಯುತ್ತಿದ್ದೆ. ಅದರಲ್ಲಿ ನನಗೆ ಸ್ವಲ್ಪ ಹೆಸರೂ ಇತ್ತು, ಇರಲಿ.

1984ರ ಆಗಸ್ಟ್. ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನಲ್ಲಿ 55.42 ಸೆಕೆಂಡ್ ಓಡಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ರೇಡಿಯೋದಲ್ಲಿ ವಾರ್ತೆ ಬಂತು. ಮೈದಾನದ ತುಂಬ ನೀರು. ಸರ್ ಕಾಲೇಜಿನ ಜಗಲಿಯ ಎರಡು ಕಂಬಗಳಿಗೆ ಉಣ್ಣೆಯ ನೂಲು ಕಟ್ಟಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಓಡಿಸಿ, ಎದೆ ಬಗ್ಗಿಸಿ ನೂಲು ಹರಿಯುವುದನ್ನು ಕಲಿಸಿದರು. ಒಳಗೆ ಎಕನಾಮಿಕ್ಸ್ ಪಾಠ ನಡೆಯುತ್ತಿತ್ತು. ಕಿಟಕಿಯಿಂದ ಒಂದು ಚಾಕ್‌ಪೀಸ್ ಹಾರಿ ಬಂದು ಸರ್ ಭುಜಕ್ಕೇ ಬಿತ್ತು.

ಆ ವರ್ಷದ ಅಂತರ ಕಾಲೇಜು ಕೂಟದಲ್ಲಿ ನಾನು 400 ಓಡಿದೆ. ನಮ್ಮಲ್ಲಿ 400 ಅಂದರೆ ಪುಟ್ಟ ಪುಟ್ಟ ನಾಲ್ಕು ತಿರುವು. ಅಲ್ಲಿ ಎರಡೇ ತಿರುವು, ಆದರೆ ಎಷ್ಟು ಓಡಿದರೂ ಮುಗಿಯುವುದಿಲ್ಲ. ಕಾಲಿನಲ್ಲಿ ಮೂವರಿಗೆ ಸೇರಿ ಇದ್ದ ಒಂದೇ ಜೊತೆ ಸ್ಪೈಕ್ಸ್. ನಾಲ್ಕನೆಯವನಾದೆ. ಉಷಾ ಬಂದ ಸ್ಥಾನವೇ ನನ್ನದೂ ಅಂತ ಇವತ್ತಿಗೂ ಹೇಳಿಕೊಳ್ಳುತ್ತೇನೆ. ಮೂರನೆಯವನಿಗೂ ನನಗೂ ಎಷ್ಟು ಅಂತರ ಇತ್ತು ಅಂತ ಮಾತ್ರ ಮೊಮ್ಮಕ್ಕಳಿಗೆ ಹೇಳಿಲ್ಲ.

ಮೊನ್ನೆ ಕಾಲೇಜಿಗೆ ಹೋಗಿದ್ದೆ. ಮೈದಾನದ ಅರ್ಧ ಭಾಗದಲ್ಲಿ ಕಾರುಗಳು ನಿಂತಿವೆ. ಮಕ್ಕಳ ಕೈಯಲ್ಲಿ ಹೆಜ್ಜೆ ಎಣಿಸುವ ವಾಚ್ ಇದೆ, ಓಡಲು ಪುರುಸೊತ್ತಿಲ್ಲ. ಆರು ತಿಂಗಳಿಗೊಂದು ಸೆಮಿಸ್ಟರ್, ನಡುವೆ ಇಂಟರ್ನಲ್ಸ್, ಅಸೈನ್‌ಮೆಂಟ್. ಸುಮ್ನೆ ಬೈದರೆ ನ್ಯಾಯವಲ್ಲ ಅಂತ ನನಗೂ ಗೊತ್ತು. ನಮ್ಮ ಕಾಲದಲ್ಲಿ ಇಡೀ ಯೂನಿವರ್ಸಿಟಿಯಲ್ಲಿ ಕಾಣದ ಸೌಕರ್ಯ ಈಗ ಒಂದೊಂದು ಊರಲ್ಲೇ ಇದೆ.

2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಕೂಟ ನಡೆದಾಗ ಸರ್‌ರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೇ ಬಂತು. ವಾಂತಿ ಮಾಡುತ್ತಾ ಮೈಸೂರಿಗೆ ಹೋಗುತ್ತಿದ್ದ ಜಿಲ್ಲೆ ಇದು! ಸರ್ ಚಪ್ಪಾಳೆ ತಟ್ಟಿದರು, ಆದರೆ ಅವರ ಕಣ್ಣು ಓಟಗಾರರ ಮೇಲೆ ಇರಲಿಲ್ಲ. ಊರುಗೋಲು ಊರಿಕೊಂಡು ಬೇಲಿಯ ಹತ್ತಿರ ಹೋಗಿ ಕೆಂಪು ಸಿಂಥೆಟಿಕ್ ಟ್ರ್ಯಾಕಿನ ಮೇಲಿದ್ದ 400ರ ಗೆರೆಗಳನ್ನೇ ನೋಡುತ್ತಿದ್ದರು. ಸುಣ್ಣ ಅಲ್ಲ, ಪೇಂಟ್.

"ಎರಡನೆಯದ್ದು ಎಷ್ಟು?"

"7.04 ಸರ್."

"ಹ್ಞಾಂ." ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು. "ಇದನ್ನು ಹಿಡಿಸೂಡಿಯಲ್ಲಿ ಗುಡಿಸಲಿಕ್ಕೆ ಆಗುವುದಿಲ್ಲ ನೋಡು ಮಾರಾಯ."

36 ವರ್ಷಗಳ ಮೇಲೆ ಅವರು ಆ ಮಾತು ಎತ್ತಿದ್ದು ಅದೇ ಮೊದಲು. ಆಮೇಲೆ ಗೋಳಿಬಜೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು.