ಬೆಲ್ಟೋ ಚೈನೋ? 3 ಮಿಲಿಮೀಟರ್ ಕಲಿಸಿದ ಪಾಠ

ದೊಡ್ಡ ಎಂಜಿನ್ ಬೈಕ್‌ಗಳ ರಿಪೇರಿ ನನ್ನ ಕೆಲಸ. ಹಿಂದಿನ ಚಕ್ರ ತಿರುಗಿಸುವ ಚೈನ್ ತೆಗೆದು ಹಲ್ಲಿರುವ ರಬ್ಬರ್ ಬೆಲ್ಟ್ ಹಾಕಿಸಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಒಂದೇ: "ಇಷ್ಟು ಪವರ್ ತಡೆಯುತ್ತಾ?" ಬಹಳ ದಿನ ನಾನೂ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಒಂದು ಬೈಕ್ ನನಗೆ ಆ ಅಭ್ಯಾಸ ಬಿಡಿಸಿತು.

ಅದು ಎರಡು ಸಿಲಿಂಡರಿನ 1200 ಸಿಸಿ ಬೈಕ್. ಎತ್ತರದ ಸಸ್ಪೆನ್ಷನ್, ದೂರ ಪ್ರಯಾಣಕ್ಕೆ ಅಂತಲೇ ಮಾಡಿದ್ದು. ಓಡಿಸುವವರಿಗೆ ಚೈನ್‌ಗೆ ಎಣ್ಣೆ ಹಾಕಿ ಹಾಕಿ ಸಾಕಾಗಿತ್ತು. ಹಿಂದಿನ ರಿಮ್ ತುಂಬಾ ಕಪ್ಪು ಜಿಡ್ಡು. ಬೆಲ್ಟ್ ಹಾಕಿಕೊಡಿ ಅಂದರು.

ನಾನು ಪೇಪರ್ ಪೆನ್ನು ಹಿಡಿದು ಕೂತೆ. ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 110 ನ್ಯೂಟನ್ ಮೀಟರ್. ಪ್ರೈಮರಿ (ಎಂಜಿನ್‌ನಿಂದ ಕ್ಲಚ್‌ಗೆ ಇರುವ ಗೇರ್) ಮತ್ತು ಮೊದಲ ಗೇರ್ ಸೇರಿ ಅದು ಹೆಚ್ಚುಕಡಿಮೆ 4 ಪಟ್ಟು, ಅಂದರೆ 440. ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, 17 ಹಲ್ಲಿನದು, ರೇಡಿಯಸ್ ಸುಮಾರು 43 ಮಿಲಿಮೀಟರ್. ಭಾಗಿಸಿದರೆ ಚೈನ್ ಮೇಲೆ ಬೀಳುವ ಎಳೆತ 10,000 ನ್ಯೂಟನ್ ದಾಟುತ್ತದೆ. ಒಂದು ಟನ್ ತೂಕ ನೇತುಹಾಕಿದ ಹಾಗೆ. ಕೇಳಿದರೆ ಭಯ ಆಗುತ್ತೆ ಅಲ್ವಾ? ಆದರೆ ಬೆಲ್ಟ್ ಚಿಕ್ಕ ಸುತ್ತಿನಲ್ಲಿ ಬಾಗುವುದಿಲ್ಲ, ಅದಕ್ಕೆ ಪುಲ್ಲಿ (ಬೆಲ್ಟ್ ಕೂರುವ ಹಲ್ಲಿನ ಚಕ್ರ) ದೊಡ್ಡದೇ ಬೇಕು. ರೇಡಿಯಸ್ 60 ಆದರೆ ಅದೇ ಟಾರ್ಕ್‌ಗೆ ಎಳೆತ 7,300ಕ್ಕೆ ಇಳಿಯುತ್ತದೆ. ಒಳಗಿರುವುದು ಬರೀ ರಬ್ಬರ್ ಅಲ್ಲ, ಕಾರ್ಬನ್ ಫೈಬರ್ ಅಥವಾ ಅರಾಮಿಡ್ (ಕೆವ್ಲಾರ್ ಥರದ ಗಟ್ಟಿ ನಾರು) ಎಳೆಗಳು. ಹಾರ್ಲೆ ಡೇವಿಡ್‌ಸನ್ 1980ರಲ್ಲೇ ಸ್ಟರ್ಜಿಸ್ ಮಾಡೆಲ್‌ಗೆ ಬೆಲ್ಟ್ ಹಾಕಿತ್ತು. ಸಾಕಷ್ಟು ಅಗಲದ ಬೆಲ್ಟ್ ಇದ್ದರೆ ಪವರ್ ತಡೆಯುತ್ತದೆ. ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು, ಕೆಲಸ ಒಪ್ಪಿಕೊಂಡೆ.

ಬೈಕ್ ಎತ್ತಿ ನಿಲ್ಲಿಸಿದೆ. ಹಿಂದಿನ ಚಕ್ರ ನೇತಾಡುತ್ತಿತ್ತು. ಪುಲ್ಲಿಗಳ ಸಾಲು ನೋಡಿದೆ. 4.5 ಕೆಜಿ ಬಲ ಕೊಟ್ಟು ಬೆಲ್ಟ್ ಎಷ್ಟು ಬಾಗುತ್ತದೆ ಅಂತ ಗೇಜ್‌ನಲ್ಲಿ ಅಳೆದೆ. ಸರಿಯಾಗಿತ್ತು. ಓಡಿಸಿ ನೋಡಿದಾಗ ಎಷ್ಟು ನಯ ಅಂತೀರಿ! ಗೇರ್ ಬದಲಿಸುವಾಗ ಆ ಕಟಕ್ ಅನ್ನುವ ಜರ್ಕ್ ಇಲ್ಲ, ಸದ್ದಿಲ್ಲ. ಅವರೂ ಖುಷಿ, ನಾನೂ ಖುಷಿ.

ಕೆಲವು ವಾರ ಕಳೆದು ಅವರು ವಾಪಸ್ ಬಂದರು. ಮುಂದಿನ ಪುಲ್ಲಿ ಹತ್ತಿರ ಸಣ್ಣಗೆ ಕೊರೆಯುವ ಸದ್ದು. ಕವರ್ ಬಿಚ್ಚಿದರೆ ಆ ಪುಲ್ಲಿ ಕೂತಿರುವ ಔಟ್‌ಪುಟ್ ಶಾಫ್ಟ್‌ನ ಸೀಲ್ ಪಕ್ಕ ಎಣ್ಣೆ ಒಸರಿತ್ತು. ಬೆಲ್ಟ್ ತೆಗೆದು ಶಾಫ್ಟ್ ಕೈಯಲ್ಲಿ ತಿರುಗಿಸಿದೆ. ಒಳಗೆ ಮರಳು ಸಿಕ್ಕಿದ ಹಾಗೆ ಗರಗರ. ಬೇರಿಂಗ್ ಹೋಗಿತ್ತು.

ಆಗ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ, ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್‌ಆರ್ಮ್ ಅನ್ನು ಕೈಯಲ್ಲಿ ಎತ್ತುತ್ತಾ ಇಳಿಸುತ್ತಾ, ಮುಂದಿನ ಪುಲ್ಲಿಯ ನಡುವಿನಿಂದ ಹಿಂದಿನ ಆಕ್ಸಲ್ ನಡುವಿಗೆ ಅಳೆದೆ. ಚಕ್ರ ನೇತಾಡುವಾಗ 627 ಮಿಲಿಮೀಟರ್. ಪುಲ್ಲಿ, ಸ್ವಿಂಗ್‌ಆರ್ಮ್ ಆಡುವ ಕೀಲು (ಪಿವಟ್), ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ 630. ವ್ಯತ್ಯಾಸ ಬರೀ 3 ಮಿಲಿಮೀಟರ್.

ಚೈನ್‌ಗೆ ಆ 3 ಮಿಲಿಮೀಟರ್ ಲೆಕ್ಕಕ್ಕೇ ಇಲ್ಲ. ನಾವು ಚೈನ್ ಅನ್ನು 30 ಮಿಲಿಮೀಟರ್ ಜೋಲು ಬಿಡುವುದೇ ಅದಕ್ಕೆ. ಬೆಲ್ಟ್ ಹಾಗಲ್ಲ. ಅದರೊಳಗಿನ ಎಳೆ ಹಿಗ್ಗುವುದಿಲ್ಲ. ಸವಾರ ಕೂತು ಸಸ್ಪೆನ್ಷನ್ ಇಳಿದ ಕೂಡಲೇ ಬೆಲ್ಟ್ ತಂತಿಯ ಹಾಗೆ ಬಿಗಿದು, ಪ್ರತಿ ಹಳ್ಳ ದಿಣ್ಣೆಗೂ ಶಾಫ್ಟ್ ಅನ್ನು ಹಿಂದಕ್ಕೆ ಜಗ್ಗುತ್ತಿತ್ತು. ನಾನು ಟೈಟ್ ಮಾಡಿದ್ದು ಚಕ್ರ ನೇತಾಡುವಾಗ, ಅದೂ ಅತಿ ಕಡಿಮೆ ದೂರ ಇರುವ ಜಾಗದಲ್ಲಿ.

ಹಾಗಾದರೆ ಸ್ವಲ್ಪ ಲೂಸ್ ಬಿಟ್ಟರೆ ಆಯ್ತಲ್ಲ? ಅದೂ ಆಗುವುದಿಲ್ಲ. ಚಕ್ರ ಕೆಳಗಿಳಿದಾಗ ಬೆಲ್ಟ್ ಸಡಿಲ ಆಗಿ, ಜೋರಾಗಿ ಆಕ್ಸಿಲರೇಟರ್ ತಿರುಗಿಸಿದರೆ ಪುಲ್ಲಿಯ ಹಲ್ಲು ಬಿಟ್ಟು ಹಲ್ಲಿಗೆ ಜಿಗಿಯುತ್ತದೆ. ಬೆಲ್ಟ್‌ನ ಹಲ್ಲೇ ಕಿತ್ತು ಬರಬಹುದು. ಬ್ಯೂಯೆಲ್ ಎಕ್ಸ್‌ಬಿ ಬೈಕ್‌ಗಳಲ್ಲಿ ಈ ತೊಂದರೆಗೆ ಮಧ್ಯೆ ಒಂದು ಐಡ್ಲರ್ ಪುಲ್ಲಿ (ಬೆಲ್ಟ್ ಒತ್ತಿ ಹಿಡಿಯುವ ಚಕ್ರ) ಇಟ್ಟು, ಚಕ್ರ ಎಲ್ಲಿದ್ದರೂ ಬಿಗಿ ಒಂದೇ ಇರುವ ಹಾಗೆ ಮಾಡಿದ್ದರು. ಅದು ಫ್ರೇಮ್ ಜೊತೆಗೇ ಯೋಚಿಸಿ ಮಾಡಿದ ಕೆಲಸ, ಆಮೇಲೆ ಸುಮ್ನೆ ತಂದು ಸೇರಿಸುವಂಥದ್ದಲ್ಲ.

ತೆಗೆದ ಬೆಲ್ಟ್ ಅನ್ನು ಬೆಳಕಿಗೆ ಹಿಡಿದಾಗ ಇನ್ನೊಂದು ಕಂಡಿತು. ಎರಡು ಹಲ್ಲುಗಳ ನಡುವೆ ಹೆಸರುಕಾಳಿನಷ್ಟು ಒಂದು ತೂತು. ಅದರ ಅಂಚಿನಲ್ಲಿ ಕೂದಲಿನಂಥ ಕಪ್ಪು ಎಳೆಗಳು ತುಂಡಾಗಿ ಹೊರಗೆ ಚಾಚಿದ್ದವು. ಹಿಂದಿನ ಪುಲ್ಲಿಯಲ್ಲೂ ಒಂದು ಸಣ್ಣ ತಗ್ಗು. ಜಲ್ಲಿ ಕಲ್ಲು. ಅವರ ದಿನದ ದಾರಿಯಲ್ಲಿ ಕೊನೆಯ ತುಂಡು ಜಲ್ಲಿ ರಸ್ತೆ, ನಾನು ಅದನ್ನು ಕೇಳಿಯೇ ಇರಲಿಲ್ಲ. ಚೈನ್ ಆಗಿದ್ದರೆ ಹೆಚ್ಚಿನ ಸಲ ಆ ಕಲ್ಲನ್ನು ಪುಡಿ ಮಾಡಿ ಉಗುಳುತ್ತಿತ್ತು. ಬೆಲ್ಟ್‌ನಲ್ಲಿ ಎಳೆ ಕತ್ತರಿಸಿದರೆ ಅದು ಮತ್ತೆ ಕೂಡುವುದಿಲ್ಲ. ಒಂದು ದಿನ ಹೇಳದೆ ಕೇಳದೆ ತುಂಡಾಗುತ್ತದೆ. ಚೈನ್ ಮೊದಲೇ ಹೇಳುತ್ತದೆ: ಸದ್ದು ಮಾಡುತ್ತದೆ, ಅಲ್ಲಲ್ಲಿ ಬಿಗಿಯುತ್ತದೆ, ಸ್ಪ್ರಾಕೆಟ್ ಹಲ್ಲು ಕೊಕ್ಕೆಯ ಹಾಗೆ ಸವೆಯುತ್ತದೆ. ತುಂಡಾದರೂ ದಾರಿಯಲ್ಲೇ ಹೊಸ ಲಿಂಕ್ ಹಾಕಿ ಜೋಡಿಸಬಹುದು. ಬೆಲ್ಟ್ ಒಂದೇ ಬಳೆ. ಬದಲಿಸಲು ಹೆಚ್ಚಿನ ಬೈಕ್‌ಗಳಲ್ಲಿ ಸ್ವಿಂಗ್‌ಆರ್ಮ್ ಬಿಚ್ಚಲೇಬೇಕು.

ಬೇರಿಂಗ್, ಸೀಲ್ ಎರಡನ್ನೂ ನನ್ನ ಖರ್ಚಿನಲ್ಲೇ ಬದಲಿಸಿದೆ. ಅಳೆಯದೆ ಒಪ್ಪಿಕೊಂಡದ್ದು ನಾನು, ಅದನ್ನು ಅವರಿಗೂ ನೇರವಾಗಿ ಹೇಳಿದೆ. ಮತ್ತೆ 525 ಸೈಜಿನ ಎಕ್ಸ್-ರಿಂಗ್ ಚೈನ್ (ಲಿಂಕ್‌ಗಳಲ್ಲಿ ಗ್ರೀಸ್ ಹಿಡಿದಿಡುವ ರಬ್ಬರ್ ರಿಂಗ್ ಇರುವುದು) ಹಾಕಿದೆ, ಎರಡೂ ಸ್ಪ್ರಾಕೆಟ್ ಹೊಸದು. ಅವರ ನಿಜವಾದ ಕಷ್ಟ ಚೈನ್ ಆಗಿರಲಿಲ್ಲ, ಎಣ್ಣೆ ಹಾಕುವ ರೀತಿ. ತಣ್ಣಗಿರುವ ಚೈನ್ ಮೇಲೆ ಹೊರಗಿನಿಂದ ಸುರಿಯುತ್ತಿದ್ದರು, ಅದು ಪೂರಾ ರಿಮ್‌ಗೆ ಹಾರುತ್ತಿತ್ತು. ಓಡಿಸಿ ಬಂದ ಮೇಲೆ, ಎಂಜಿನ್ ಆಫ್ ಮಾಡಿ, ಚೈನ್ ಬೆಚ್ಚಗಿರುವಾಗಲೇ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಒಳಮೈಗೆ ತೆಳ್ಳಗೆ ಹಾಕಿ, ಜಾಸ್ತಿಯಾದದ್ದನ್ನು ಬಟ್ಟೆಯಲ್ಲಿ ಒರೆಸಲು ತೋರಿಸಿಕೊಟ್ಟೆ. ಗ್ರೀಸ್ ಆ ರಿಂಗ್‌ಗಳ ಒಳಗೇ ಇರುತ್ತದೆ. ಹೊರಗಿನ ಎಣ್ಣೆ ತುಕ್ಕು ಹಿಡಿಯದಿರಲು, ರಿಂಗ್ ಒಣಗದಿರಲು, ರೋಲರ್ ಸವೆಯದಿರಲು ಅಷ್ಟೇ.

ಕಂಪನಿಗಳು ಮಾಡಿದ್ದನ್ನು ನೋಡಿದರೂ ಇದೇ ಕಾಣುತ್ತದೆ. ಬಿಎಂಡಬ್ಲ್ಯು 798 ಸಿಸಿಯ ಒಂದೇ ಎಂಜಿನ್ ಅನ್ನು ಟಾರ್ ರಸ್ತೆಯ ಎಫ್800ಎಸ್‌ಟಿಗೆ ಬೆಲ್ಟ್ ಜೊತೆ, ಕಚ್ಚಾ ದಾರಿಗೂ ಹೋಗುವ ಎಫ್800ಜಿಎಸ್‌ಗೆ ಚೈನ್ ಜೊತೆ ಕೊಟ್ಟಿತು. ಹಾರ್ಲೆಯ 1250 ಸಿಸಿ ರೆವಲ್ಯೂಷನ್ ಮ್ಯಾಕ್ಸ್ ಎಂಜಿನ್ ತಗ್ಗಿನ ಸ್ಪೋರ್ಟ್‌ಸ್ಟರ್ ಎಸ್‌ನಲ್ಲಿ ಬೆಲ್ಟ್ ತಿರುಗಿಸುತ್ತದೆ, ಕಚ್ಚಾ ದಾರಿಗೂ ಹೋಗುವ ಎತ್ತರದ ಪ್ಯಾನ್ ಅಮೆರಿಕಾದಲ್ಲಿ ಚೈನ್. ಪವರ್ ಜಾಸ್ತಿ ಇರುವುದು ಪ್ಯಾನ್ ಅಮೆರಿಕಾಗೇ ನಿಜ. ಆದರೂ ನನ್ನ ಕಣ್ಣು ಹೋಗುವುದು ಎರಡರ ಹಿಂದಿನ ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತದೆ, ಎಂಥ ದಾರಿಯಲ್ಲಿ ಓಡುತ್ತದೆ ಅನ್ನುವುದರ ಮೇಲೆ.

ಬೆಲ್ಟ್ ಮೇಲೆ ನನಗೆ ಬೇಸರ ಇಲ್ಲ. ಟಾರ್ ರಸ್ತೆಯಲ್ಲೇ ಓಡುವ ಕ್ರೂಸರ್‌ಗೆ, ಸದ್ದಿಲ್ಲದ ಎಲೆಕ್ಟ್ರಿಕ್ ಬೈಕ್‌ಗೆ ಅದು ಬಹಳ ಚೆಂದ. ಈಗ ಯಾರೇ ಕೇಳಿದರೂ ಮೊದಲು ಶಾಕ್ ಬಿಚ್ಚಿ ಟೇಪ್ ಹಿಡಿಯುತ್ತೇನೆ, ಆಮೇಲೆ ದಾರಿ ಕೇಳುತ್ತೇನೆ, ಟಾರ್ಕ್ ಲೆಕ್ಕ ಕೊನೆಗೆ. ಮೊನ್ನೆ ಒಂದು ಉದ್ದನೆಯ, ತಗ್ಗಿನ ಕ್ರೂಸರ್ ಬಂದಿತ್ತು. ಅಳೆದೆ, ವ್ಯತ್ಯಾಸ ಅರ್ಧ ಮಿಲಿಮೀಟರ್ ಅಷ್ಟೇ. ಪುಲ್ಲಿ, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ತನಕ ಹಿಂಭಾಗವನ್ನು ಪಟ್ಟಿ ಕಟ್ಟಿ ಕೆಳಗೆಳೆದು, ಅಲ್ಲೇ ಗೇಜ್ ಇಟ್ಟು ಬೆಲ್ಟ್ ಬಿಗಿ ಮಾಡಿದೆ.